ಪಟ್ಟಿ ಮೇಷ್ಟ್ರ ಹೆಂಡತಿಯ ಕಾಲು

"ಬಿಡು ಅಂದೆನಲ್ಲ, ಬಿಡು!" ಎಂದು ಪಟ್ಟಿ ಮೇಷ್ಟ್ರ ಹೆಂಡತಿ ತನ್ನ ಎಡಗಾಲನ್ನು ನಾದಿನಿಯ ಕೈಯಿಂದ ಕಿತ್ತುಕೊಂಡಳು. ಕಿತ್ತುಕೊಂಡ ರಭಸಕ್ಕೆ ಹಿಮ್ಮಡಿ ಮಂಚದ ಅಂಚಿಗೆ ತಗಲಿ, ನೋವು ಮಂಡಿಯವರೆಗೂ ಹತ್ತಿ ಬಂದು ಕಣ್ಣಲ್ಲಿ ನೀರು ನಿಂತಿತು.

ನಾದಿನಿ ಬಿಸಿ ಎಣ್ಣೆಯ ಬಟ್ಟಲನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. "ಚೆನ್ನಾಗಿ ನೀವಿದ್ರೆ ಊತ ತಾನಾಗೇ ಇಳಿಯುತ್ತೆ ಅತ್ತಿಗೆ. ನಮ್ಮ ಮನೇಲಿ ಎಲ್ಲರಿಗೂ ಹೀಗೇ ಮಾಡೋದು" ಎಂದಳು.

"ನಿಮ್ಮ ಮನೆ ಅಂದ್ರೆ ಯಾವ ಮನೆ? ನಿಮ್ಮಣ್ಣ ಹುಟ್ಟಿದ್ದೂ ಅದೇ ಮನೇಲಿ ತಾನೇ? ಉಳುಕಿದ ಕಾಲಿಗೆ ಮೊದಲ ಎರಡು ದಿನ ಬಿಸಿ ಮುಟ್ಟಿಸಬಾರದು, ನೀವಬಾರದು ಅಂತ ಮೂವತ್ತೊಂದು ವರ್ಷ ಗಂಟಲು ಹರ್ಕೊಂಡ್ರಲ್ಲ, ತಂಗಿ ಕಿವಿಗೆ ಒಂದೂ ಬೀಳಲಿಲ್ವಾ?"

ಅಣ್ಣನ ಮಾತು ಬಂದದ್ದೇ ತಡ, ನಾದಿನಿ ಎಣ್ಣೆಗೈಯಲ್ಲೇ ಮುಖ ಮುಚ್ಚಿಕೊಂಡು ಅಳತೊಡಗಿದಳು. ಮೇಷ್ಟ್ರ ಹೆಂಡತಿಗೆ ಮೈಯೆಲ್ಲ ಉರಿದುಹೋಯಿತು. ಗಂಡ ಹೋದದ್ದು ತನಗೆ, ಕಾಲು ಉಳುಕಿದ್ದು ತನಗೆ, ಈಗ ಸಮಾಧಾನ ಹೇಳಬೇಕಾದವಳೂ ತಾನೇ. ಆದರೂ ಕೈ ಚಾಚಿ ನಾದಿನಿಯ ಬೆನ್ನು ಸವರಿದಳು. ಎಣ್ಣೆ ಸೀರೆಗೆ ಅಂಟಿತು.

ಮುಂದಿನ ಕೋಣೆಯಲ್ಲಿ ಮೇಷ್ಟ್ರು ಮಲಗಿದ್ದರು, ಎದೆಯವರೆಗೆ ಬಿಳಿ ಹೊದಿಕೆ. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಸರಕಿನ ಗೋದಾಮಿನ ಪ್ರಥಮ ಚಿಕಿತ್ಸೆಯ ಕೋಣೆಯಲ್ಲಿ ಹಮಾಲರ ಕಾಲಿಗೆ ಪಟ್ಟಿ ಸುತ್ತುವುದು ಅವರ ಕೆಲಸ. ಸುತ್ತುವಾಗೆಲ್ಲ ಪಾಠ ಹೇಳದೆ ಬಿಡುತ್ತಿರಲಿಲ್ಲವಾಗಿ ಆ ಹೆಸರು ಬಂದಿತ್ತು. ಬಂದ ಹೆಸರು ಎಷ್ಟು ಗಟ್ಟಿಯಾಗಿ ಅಂಟಿತೆಂದರೆ, ಬೀದಿಯ ಮಕ್ಕಳೂ ಅವಳನ್ನು ಮೇಷ್ಟ್ರ ಹೆಂಡತಿಯೆಂದೇ ಕರೆಯುತ್ತಿದ್ದರು.

ನಿನ್ನೆ ಬೆಳಿಗ್ಗೆ ಕೆಲಸಕ್ಕೆ ಹೊರಟು ಷೂ ದಾರ ಕಟ್ಟಲು ಬಗ್ಗಿದವರು ಹಾಗೇ ಪಕ್ಕಕ್ಕೆ ವಾಲಿದರು. ಉಸಿರು ಸಿಗುತ್ತಿಲ್ಲವೆಂದು ಕೈಸನ್ನೆ ಮಾಡಿದರು. ಅವಳು ಬೀದಿಯ ಇಸ್ತ್ರಿ ಅಂಗಡಿಯವನನ್ನು ಕರೆಯಲು ಮೆಟ್ಟಿಲಿಳಿದು ಓಡಿದಳು. ಇಪ್ಪತ್ತೊಂದು ಮೆಟ್ಟಿಲಲ್ಲಿ ಇಪ್ಪತ್ತು ಸರಿಯಾಗಿಯೇ ಸಿಕ್ಕವು. ಕೊನೆಯದರಲ್ಲಿ ಪಾದ ಒಳಕ್ಕೆ ಮಡಚಿಕೊಂಡು ದೊಪ್ಪನೆ ಬಿದ್ದಳು. ಅವಳ ಕೂಗು ಕೇಳಿ ಓಡಿಬಂದ ಇಸ್ತ್ರಿಯವನೂ ಇನ್ನಿಬ್ಬರೂ ಮೇಷ್ಟ್ರನ್ನು ಕುರ್ಚಿಯಲ್ಲಿ ಕೂರಿಸಿ ಅವಳ ಪಕ್ಕದಿಂದಲೇ ಹೊತ್ತೊಯ್ದರು. ನೀರಿನ ಕೊಳವೆ ಹಾಕುವುದಕ್ಕೆಂದು ಬೀದಿಯನ್ನು ಉದ್ದಕ್ಕೂ ಅಗೆದು ಹಾಕಿದ್ದರಿಂದ ಆಟೋ ದೊಡ್ಡ ರಸ್ತೆಯಲ್ಲೇ ನಿಂತಿತ್ತು. ಅವಳು ಏಳಲು ಹೋಗಿ ಮತ್ತೆ ಬಿದ್ದಳು. "ನನ್ನ ಕಾಯಬೇಡಿ, ನೀವು ಹೋಗಿ!" ಎಂದು ಕೂಗಿದವಳೂ ಅವಳೇ. ಅವಳು ಇನ್ನೊಂದು ಆಟೋ ಹಿಡಿದು ಆಸ್ಪತ್ರೆ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ಮೇಷ್ಟ್ರು ದಾರಿಯಲ್ಲೇ, ಇಸ್ತ್ರಿಯವನ ಭುಜದ ಮೇಲೆ ತಲೆಯಿಟ್ಟುಕೊಂಡು ಹೋಗಿಬಿಟ್ಟಿದ್ದರು.

ಡಾಕ್ಟರು ಒಂದೇ ಉಸಿರಿಗೆ ಎರಡು ವಿಷಯ ಹೇಳಿದರು. ನಿಮ್ಮ ಯಜಮಾನರ ಕಾಲಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿ ಕೂತಿದೆ, ನಾವೇನೂ ಮಾಡುವ ಹಾಗಿರಲಿಲ್ಲ. ನಿಮ್ಮ ಕಾಲಿನ ಮೂಳೆ ಮುರಿದಿಲ್ಲ, ಗಿಣ್ಣಿನ ಮೂಳೆ ಹಿಡಿದಿಡುವ ಕಟ್ಟುಗಳು ಎಳೆದುಕೊಂಡಿವೆ, ಎರಡು ದಿನ ಕಾಲೂರಬೇಡಿ. ಎರಡೂ ಮಾತನ್ನು ಅವಳು ಒಟ್ಟಿಗೇ ನುಂಗಬೇಕಾಯಿತು.

ಈಗ ಬೆಳಿಗ್ಗೆ ಒಂಬತ್ತು. ಹನ್ನೊಂದಕ್ಕೆ ಮಣ್ಣು. ವ್ಯಾನು ದೊಡ್ಡ ರಸ್ತೆಯವರೆಗೆ ಮಾತ್ರ ಬರುತ್ತದೆ. ಅಲ್ಲಿಯವರೆಗಿನ ನಾನೂರು ಹೆಜ್ಜೆ ಹೊತ್ತುಕೊಂಡೇ ಹೋಗಬೇಕು. ಮನೆಯವರೆಲ್ಲ ಸೇರಿ, ಅವಳನ್ನೊಂದು ಮಾತೂ ಕೇಳದೆ, ಅವಳು ಮನೆಯಲ್ಲೇ ಇರುವುದೆಂದು ತೀರ್ಮಾನಿಸಿಬಿಟ್ಟಿದ್ದರು.

"ನಾನೂ ಬರ್ತೀನಿ" ಎಂದಳು ಅವಳು, ಬೆಳಗಿನಿಂದ ಐದನೆಯ ಸಲ.

ಬಾಗಿಲಲ್ಲಿ ನಿಂತಿದ್ದ ಮಗಳು ಹಣೆ ಒತ್ತಿಕೊಂಡಳು. ಸುದ್ದಿ ತಿಳಿದು ಬಸ್ಸು ಹತ್ತಿ ಬಂದವಳಿಗೆ ನಿದ್ದೆಯಿರಲಿಲ್ಲ. "ಅಮ್ಮ, ಕಾಲು ನೋಡ್ಕೊ. ಬದನೆಕಾಯಿ ಬಣ್ಣಕ್ಕೆ ತಿರುಗಿದೆ. ಡಾಕ್ಟರು ಏನು ಹೇಳಿದ್ರು?"

"ಡಾಕ್ಟರು ಸಾವಿರ ಹೇಳ್ತಾರೆ."

"ಅಪ್ಪ ಏನು ಹೇಳ್ತಿದ್ರು?"

ಬೆಳಗಿನಿಂದ ಅವಳ ಬಾಯಿ ಕಟ್ಟುತ್ತಿದ್ದದ್ದೇ ಇದು. ನೋಡಲು ಬಂದವರಲ್ಲಿ ಅರ್ಧಕ್ಕರ್ಧ ಜನ ಒಂದಲ್ಲ ಒಂದು ದಿನ ಮೇಷ್ಟ್ರ ಮುಂದೆ ಕಾಲು ಚಾಚಿದವರು. ಬಂದವರು ಮೊದಲು ಮೇಷ್ಟ್ರಿಗೆ ಕೈಮುಗಿಯುವರು, ಆಮೇಲೆ ಒಳಗೆ ಇಣುಕಿ ಅವಳ ಕಾಲು ನೋಡುವರು, ನೋಡಿದ ಕೂಡಲೇ ಪಾಠ ಶುರು. "ಕಾಲು ಎದೆಗಿಂತ ಎತ್ತರ ಇರ್ಲಿ ಅಮ್ಮಾ, ಮೇಷ್ಟ್ರು ಹೇಳ್ತಿದ್ರು" ಎಂದ ಒಬ್ಬ. "ಐಸು ಹಾಗೇ ಇಡಬಾರದು, ಬಟ್ಟೆ ಸುತ್ತಿ ಇಡ್ಬೇಕು, ಹದಿನೈದು ನಿಮಿಷಕ್ಕಿಂತ ಜಾಸ್ತಿ ಬೇಡ" ಎಂದ ಇನ್ನೊಬ್ಬ. ಗೋದಾಮಿನ ಮ್ಯಾನೇಜರು ಕೂಡ ಬಂದು, "ಎರಡು ದಿನ ಕಾಲೂರೋ ಹಾಗಿಲ್ಲಮ್ಮ, ನಿಮ್ಮವರೇ ನಮಗೆಲ್ಲ ಕಲಿಸಿದ್ದು" ಎಂದು ತಲೆಯಾಡಿಸಿ ಹೋದರು. ಅದೇ ಎರಡು ದಿನಕ್ಕಾಗಿ ಆ ಮ್ಯಾನೇಜರು ಮೇಷ್ಟ್ರ ಜೊತೆ ಎಷ್ಟು ಸಲ ಜಗಳ ಕಾದಿದ್ದರೆಂಬುದು ಅವಳಿಗೆ ಗೊತ್ತಿತ್ತು. ಗಂಡ ಬದುಕಿದ್ದಾಗ ಒಬ್ಬರೂ ಕಿವಿಗೆ ಹಾಕಿಕೊಳ್ಳದ ಮಾತುಗಳನ್ನೆಲ್ಲ ಸತ್ತ ಮಾರನೆಯ ದಿನ ತಂದು ತನ್ನ ಕಾಲಮೇಲೆ ಸುರಿಯುತ್ತಿದ್ದಾರಲ್ಲ ಎಂದು ಅವಳಿಗೆ ತಲೆ ಚಿಟ್ಟು ಹಿಡಿಯಿತು.

"ನಿನ್ನೆ ಈ ಹಾಳು ಕಾಲಿನಿಂದ ಜೊತೆಗೆ ಹೋಗೋದು ತಪ್ಪಿತು. ಇವತ್ತೂ ತಪ್ಪಿಸಬೇಡ" ಎಂದಳು ಮಗಳಿಗೆ. "ಹೋಗು, ಪಟ್ಟಿ ತಗೊಂಡು ಬಾ."

*

ಮದುವೆಯಾದ ಹೊಸತರಲ್ಲಿ ಮೇಷ್ಟ್ರು ಮೇಷ್ಟ್ರಾಗಿರಲಿಲ್ಲ. ಗೋದಾಮಿನ ಬಾಗಿಲಲ್ಲಿ ಕೂತು ಮೂಟೆ ಎಣಿಸುತ್ತಿದ್ದರು. ಒಂದು ದಿನ ಕಂಪನಿಯವರು ಕರೆದು, ಮೂರು ವಾರ ತರಬೇತಿಗೆ ಕಳಿಸಿ, ಮೆಟ್ಟಿಲ ಕೆಳಗಿನ ಒಂದು ಕೋಣೆಯನ್ನೂ ಒಂದು ಬೆಂಚನ್ನೂ ಕೊಟ್ಟು, ಇನ್ನು ಮೇಲೆ ಯಾರಿಗೆ ಪೆಟ್ಟಾದರೂ ನೀನೇ ನೋಡಿಕೋ ಎಂದರು. ತರಬೇತಿಯಲ್ಲಿ ಕಲಿತದ್ದನ್ನು ಅವರು ಸಂಜೆ ಮನೆಗೆ ಬಂದು ಹೆಂಡತಿಯ ಕಾಲಿನ ಮೇಲೆ ಅಭ್ಯಾಸ ಮಾಡುತ್ತಿದ್ದರು.

ಅವಳು ಮಂಚದ ಮೇಲೆ ಕಾಲು ಚಾಚಿ ಕೂರಬೇಕು. ಅವರು ಎದುರಿಗೆ ಸ್ಟೂಲು ಹಾಕಿಕೊಂಡು ಪಾದವನ್ನು ತಮ್ಮ ತೊಡೆಯ ಮೇಲಿಟ್ಟುಕೊಳ್ಳುವರು. ಬೆರಳುಗಳ ಬುಡದಿಂದ ಶುರು, ಒಳಗಡೆಯಿಂದ ಹೊರಗಡೆಗೆ ಎಳೆತ, ಅಂಗಾಲಿನ ಕೆಳಗೊಂದು ಸುತ್ತು, ಗಿಣ್ಣಿನ ಹಿಂದೊಂದು ಸುತ್ತು, ಪ್ರತಿ ಸುತ್ತೂ ಹಿಂದಿನದರ ಅರ್ಧ ಮುಚ್ಚಬೇಕು. "ಬಿಗಿಯಾಯ್ತಾ?" "ಇಲ್ಲ." "ಸಡಿಲವಾ?" "ಇಲ್ಲ." "ಮತ್ತೆ ಹೇಗಿದೆ?" "ಯಾರೋ ಕೈಯಲ್ಲಿ ಹಿಡ್ಕೊಂಡ ಹಾಗಿದೆ." ಆಗ ಅವರ ಮುಖ ಅರಳುತ್ತಿತ್ತು. ಬಿಚ್ಚಿ ಮತ್ತೆ ಶುರು. ಒಲೆಯ ಮೇಲೆ ಹಾಲು ಉಕ್ಕಿಹೋದರೂ ಬಿಡುತ್ತಿರಲಿಲ್ಲ.

ಆಮೇಲೆ ಅವರ ಕೋಣೆಗೆ ಬಾರದ ಕಾಲಿಲ್ಲ. ಲಾರಿಯ ಹಲಗೆಯಿಂದ ಇಳಿಯುವಾಗ ಉಳುಕಿದ ಗಿಣ್ಣು, ಪೆಟ್ಟಿಗೆ ಬಿದ್ದು ಕಪ್ಪಾದ ಹೆಬ್ಬೆರಳಿನ ಉಗುರು, ಹೊಸ ಬೂಟು ಕಚ್ಚಿ ಎದ್ದ ಗುಳ್ಳೆ, ದಿನವಿಡೀ ಓಡಿ ಓಡಿ ಸಿಡಿಯುವ ಮುಂಗಾಲ ಮೂಳೆ. ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟಾಗ ಹಿಮ್ಮಡಿಗೆ ಮೊಳೆ ಹೊಡೆದಂತಾಗುವವರಿಗೆ, ಬಾಟಲಿಯಲ್ಲಿ ನೀರು ತುಂಬಿ ತಣ್ಣಗೆ ಮಾಡಿ ಅಂಗಾಲಿನ ಕೆಳಗೆ ಹೊರಳಿಸು ಎನ್ನುತ್ತಿದ್ದರು. ಗುಳ್ಳೆ ಒಡೆಯಲು ಸೂಜಿ ತೆಗೆದವನನ್ನು ಕಂಡರೆ ಬೆನ್ನಟ್ಟಿಕೊಂಡು ಹೋಗುತ್ತಿದ್ದರು. ಆದರೆ ಅವರ ನಿಜವಾದ ಔಷಧಿಯೆಂದರೆ ಒಂದು ಚೀಟಿ. 'ಮೂರು ದಿನ ಕೂತು ಮಾಡುವ ಕೆಲಸ' ಎಂದು ಬರೆದು ಸಹಿ ಹಾಕುವರು. ಮ್ಯಾನೇಜರು ಚೀಟಿ ನೋಡಿ ಕೂಗಾಡುವರು. ಕೂತು ಕೆಲಸ ಮಾಡಲು ನಾಚಿಕೊಂಡು ಹಮಾಲನೂ ಮಾರನೆಯ ದಿನವೇ ಮೂಟೆ ಎತ್ತುವನು. ಒಂದು ವಾರಕ್ಕೆ ಅದೇ ಕಾಲು ಮತ್ತೆ ಉಳುಕಿಸಿಕೊಂಡು ಬರುವನು. "ಮುನ್ನೂರು ಕಾಲಿಗೆ ಹೇಳಿದೆ ಕಣೆ, ಮೂರು ಕಾಲೂ ಕೇಳಲಿಲ್ಲ" ಎಂದು ಅವರು ಮನೆಗೆ ಬಂದು ತಲೆ ಚಚ್ಚಿಕೊಳ್ಳುತ್ತಿದ್ದರು.

ಒಮ್ಮೆ ಅವಳು ಕೇಳಿದ್ದಳು, "ನನಗೂ ಕಲಿಸ್ರೀ, ಪಟ್ಟಿ ಸುತ್ತೋದು."

"ನಿನಗ್ಯಾಕೆ?" ಎಂದಿದ್ದರು ನಗುತ್ತಾ. "ನಾನಿಲ್ವಾ?"

*

"ಬಿಗಿಯಾಯ್ತು" ಎಂದಳು ಮೇಷ್ಟ್ರ ಹೆಂಡತಿ.

ಮಗಳು ಬಿಚ್ಚಿ ಮತ್ತೆ ಸುತ್ತಿದಳು.

"ಸಡಿಲವಾಯ್ತು. ನಾಲ್ಕು ಹೆಜ್ಜೆಗೆ ಜಾರಿ ಕಾಲಿಗೇ ತೊಡರಿಕೊಳ್ಳುತ್ತೆ."

ಮೂರನೆಯ ಸಲ ಮಗಳು ಹಲ್ಲು ಕಚ್ಚಿ ಮೇಲಿನಿಂದ ಕೆಳಕ್ಕೆ ಸುತ್ತಿ ಪಿನ್ನು ಚುಚ್ಚಿದಳು. ಐದು ನಿಮಿಷಕ್ಕೆ ಬೆರಳುಗಳು ಜೋಮು ಹಿಡಿದವು. ಅವಳು ಹೆಬ್ಬೆರಳಿನ ಉಗುರು ಒತ್ತಿ ಬಿಟ್ಟು ನೋಡಿದಳು. ಬಿಳಿಚಿಕೊಂಡ ಉಗುರಿಗೆ ಬಣ್ಣ ಮರಳಿ ಬರಲೇ ಇಲ್ಲ.

"ತೆಗಿ, ತೆಗಿ. ಬೆರಳು ಸಾಯುತ್ವೆ. ಕೆಳಗಿನಿಂದ ಮೇಲಕ್ಕೆ ಬರ್ಬೇಕು."

"ಹಾಗಾದ್ರೆ ಹೇಗೆ ಸುತ್ತಬೇಕು ಅಂತ ನೀನೇ ಹೇಳಮ್ಮ!"

"ಗೊತ್ತಿದ್ರೆ ನಾನೇ ಸುತ್ಕೊಳ್ತಿರ್ಲಿಲ್ವಾ!"

ಅದೇ ಅವಳ ಸಂಕಟ. ಸರಿಯಾದ ಪಟ್ಟಿ ಹೇಗಿರುತ್ತದೆಂದು ಅವಳ ಕಾಲಿಗೆ ಚೆನ್ನಾಗಿ ಗೊತ್ತಿತ್ತು. ಎಲ್ಲಿ ಒತ್ತಬೇಕು, ಎಲ್ಲಿ ಬಿಡಬೇಕು, ಪಾದ ಯಾವ ಕಡೆಗೆ ವಾಲಿದರೆ ಹಿತ, ಎಲ್ಲ ಗೊತ್ತು. ಕೈಗೆ ಮಾತ್ರ ಏನೂ ಗೊತ್ತಿರಲಿಲ್ಲ. ಕಲಿಸಬೇಕಾದವರು ಪಕ್ಕದ ಕೋಣೆಯಲ್ಲಿ ನೆಮ್ಮದಿಯಾಗಿ ಮಲಗಿಬಿಟ್ಟಿದ್ದರು. ನಾನಿಲ್ವಾ ಅಂದರಂತೆ. ಎಲ್ಲಿದ್ದೀರಿ ಈಗ? ಅವಳಿಗೆ ಅಳುವಿಗಿಂತ ಮೊದಲು ಸಿಟ್ಟು ಬಂತು. ಸಿಟ್ಟಿನಲ್ಲಿ ಪಟ್ಟಿಯ ಸುರುಳಿಯನ್ನು ಗೋಡೆಗೆ ಬೀಸಿ ಒಗೆದಳು. ಅದು ಬಿಚ್ಚಿಕೊಳ್ಳುತ್ತಾ ಉರುಳಿ ಮಂಚದ ಕೆಳಗೆ ಹೋಯಿತು. ಮಗಳು ಬಗ್ಗಿ ಎತ್ತಿಕೊಂಡಳು.

"ನನ್ನಿಂದಲೇ ಆಯ್ತು ಅಮ್ಮ" ಎಂದಳು ಮಗಳು, ಸುರುಳಿ ಸುತ್ತುತ್ತಾ. "ನನ್ನ ಮನೆ ಬದಲಾಯಿಸೋಕೆ ಅಂತ ಹನ್ನೊಂದು ಗಂಟೆ ಹೊತ್ತು ಬಸ್ಸಲ್ಲಿ ಕೂತು ಬಂದ್ರು. ವಾಪಸ್ಸು ಹೋಗುವಾಗ್ಲೂ ಹಾಗೇ ಮಂಡಿ ಮಡಚಿ ಕೂತ್ಕೊಂಡೇ ಹೋದ್ರು. ಆಮೇಲೇ ಅಲ್ವಾ ಕಾಲು ನೋವು ಶುರುವಾಗಿದ್ದು?"

"ಬಸ್ಸಲ್ಲಿ ಊರೆಲ್ಲಾ ಕೂತು ಬರುತ್ತೆ. ಸುಮ್ನಿರು" ಎಂದಳು ತಾಯಿ. ಮಗಳನ್ನು ಸುಮ್ಮನಾಗಿಸಿದಷ್ಟು ಸುಲಭವಾಗಿ ತನ್ನನ್ನು ಸುಮ್ಮನಾಗಿಸಿಕೊಳ್ಳಲು ಅವಳಿಗೆ ಬರಲಿಲ್ಲ.

*

ಬಸ್ಸಿಳಿದು ಬಂದ ಎರಡನೆಯ ದಿನ ಮೇಷ್ಟ್ರು ಬಲಗಾಲಿನ ಮೀನಖಂಡ ಹಿಡಿದುಕೊಂಡಿದ್ದರು. ಸ್ನಾಯು ಎಳೆದಿದೆ, ಮಗಳ ಮನೆಯ ಬೀರು ಎತ್ತಿದ್ದಕ್ಕೆ ಎಂದು ತಾವೇ ಹೇಳಿಕೊಂಡರು. ತಾವೇ ಐಸು ಇಟ್ಟುಕೊಂಡರು, ತಾವೇ ಪಟ್ಟಿ ಸುತ್ತಿಕೊಂಡರು, ಮೇಲೆ ಪ್ಯಾಂಟು ಎಳೆದುಕೊಂಡು ಕೆಲಸಕ್ಕೆ ಹೋದರು. ಮೂರನೆಯ ದಿನ ಮೆಟ್ಟಿಲು ಹತ್ತುವಾಗ ನಿಂತು ನಿಂತು ಹತ್ತಿದರು.

"ಎಲ್ಲಿ, ತೋರಿಸಿ" ಎಂದಳು ಅವಳು.

"ಏನಿದೆ ತೋರಿಸೋಕೆ? ಮೀನಖಂಡ ಹಿಡ್ಕೊಂಡಿದೆ ಅಷ್ಟೆ."

"ಎರಡೂ ಕಾಲು ಪಕ್ಕ ಪಕ್ಕ ಇಡಿ. ನೀವೇ ತಾನೇ ಹೇಳೋದು, ನೋವಿರೋ ಕಾಲನ್ನ ಒಂದನ್ನೇ ನೋಡ್ಬಾರ್ದು, ಜೊತೆಗೆ ಇನ್ನೊಂದನ್ನೂ ನೋಡ್ಬೇಕು ಅಂತ?"

"ಕಾಲಿನ ವಿಷಯ ನೀನು ನನಗೆ ಹೇಳ್ಕೊಡ್ತೀಯಾ?"

ಆ ಮಾತಿನಲ್ಲಿ ಕೋಪವೇನೂ ಇರಲಿಲ್ಲ, ಒಂದಿಷ್ಟು ಬಿಂಕವಿತ್ತು. ಅವಳು ಬಿಡದೆ ಪ್ಯಾಂಟಿನ ತುದಿ ಎತ್ತಲು ಹೋದಳು. ಅವರು ಕಾಲು ಹಿಂದಕ್ಕೆಳೆದುಕೊಂಡರು. ಮೂವತ್ತೊಂದು ವರ್ಷದಲ್ಲಿ ಅವಳ ಕಾಲನ್ನು ಅವರು ಸಾವಿರ ಸಲ ತೊಡೆಯ ಮೇಲಿಟ್ಟುಕೊಂಡಿದ್ದರು. ತಮ್ಮ ಕಾಲನ್ನು ಅವಳ ಕೈಗೆ ಒಂದು ಸಲವೂ ಕೊಟ್ಟಿರಲಿಲ್ಲ. ಎಳೆದುಕೊಳ್ಳುವ ಮೊದಲೇ ಪಟ್ಟಿಯ ಮೇಲಿನಿಂದ ಅವಳ ಕೈಗೆ ಬಿಸಿ ತಾಗಿತ್ತು.

"ಕೆಂಡದ ಹಾಗಿದೆಯಲ್ರೀ! ಆಸ್ಪತ್ರೆಗೆ ಹೋಗಿ ತೋರಿಸಿ. ನಿಮ್ಮ ಹಮಾಲ ಗೂಳಿಯ ಕಾಲು ಹೀಗಿದ್ದಿದ್ರೆ ಆಟೋ ಹತ್ತಿಸಿ ಕಳಿಸ್ತಿದ್ರಿ."

"ಗೂಳಿ ಕಾಲು ಬೇರೆ, ನನ್ನ ಕಾಲು ಬೇರೆ. ನಾನು ಒಂದು ದಿನ ಹೋಗದಿದ್ರೆ ಆ ಕೋಣೆ ಬಾಗಿಲು ತೆಗೆಯೋರಿಲ್ಲ. ಭಾನುವಾರ ನೋಡೋಣ."

ಅದು ಗುರುವಾರ. ಶುಕ್ರವಾರ ಬೆಳಿಗ್ಗೆ ಷೂ ದಾರಕ್ಕೆ ಬಗ್ಗಿದರು.

ಅವರು ಹೇಳಿದ್ದನ್ನು ಅವಳು ನಂಬಿದಳು. ಕಾಲಿನ ವಿಷಯದಲ್ಲಿ ಅವರ ಮಾತು ಅದುವರೆಗೆ ತಪ್ಪಿದ್ದೇ ಇಲ್ಲವಲ್ಲ, ಆ ಒಂದು ದಿನ ನಂಬದೆ ಇರುವುದು ಹೇಗೆ? ಅಂದು ರಚ್ಚೆ ಹಿಡಿದು, ಕೂಗಾಡಿ, ನೆರೆಯವರನ್ನು ಕೂಡಿಸಿಯಾದರೂ ಎಳೆದುಕೊಂಡು ಹೋಗಬೇಕಿತ್ತು. ಹೋಗಲಿಲ್ಲ. ಊಟಕ್ಕೆ ಏಳಿ ಎಂದಳು.

*

ಹತ್ತೂವರೆಗೆ ಗೂಳಿ ಬಂದ. ಹಮಾಲರಲ್ಲಿ ಎಲ್ಲರಿಗಿಂತ ಹಿರಿಯ, ಕತ್ತೇ ಇಲ್ಲದ ಆಳು. ಜೊತೆಯಲ್ಲಿ ನಾಲ್ವರು. ಅವರು ಪ್ರಥಮ ಚಿಕಿತ್ಸೆಯ ಕೋಣೆಯಿಂದ ಕ್ಯಾನ್ವಾಸಿನ ಸ್ಟ್ರೆಚರನ್ನೂ ಒಂದು ಊರುಗೋಲನ್ನೂ ತಂದಿದ್ದರು.

"ಬೀಗ ಹಾಕಿತ್ತು ಅಕ್ಕಾ. ಕೀಲಿ ಎಲ್ಲಿದೆ ಅಂತ ಒಬ್ಬರಿಗೂ ಗೊತ್ತಿಲ್ಲ. ಬಾಗಿಲು ಮುರಿದೇ ತಂದ್ವಿ" ಎಂದ ಗೂಳಿ. "ಊರುಗೋಲು ಯಾಕೆ ತಂದೆ ಅಂತ ಕೇಳ್ಬೇಡಿ. ನೀವು ಮನೇಲಿ ಕೂರೋ ಪೈಕಿ ಅಲ್ಲ ಅಂತ ಗೊತ್ತಿತ್ತು."

ಬೆಳಗಿನಿಂದ ಮೊದಲ ಸಲ ಅವಳಿಗೆ ಯಾರೋ ತನ್ನ ಕಡೆಯವರು ಬಂದಂತಾಯಿತು. ಅಷ್ಟರಲ್ಲಿ ಗೂಳಿ ಅವಳ ಕಾಲು ನೋಡಿ, "ಆದ್ರೆ ಮೇಷ್ಟ್ರು ಇದ್ದಿದ್ರೆ ಬಿಡ್ತಿರ್ಲಿಲ್ಲ" ಎಂದು ಸೇರಿಸಿಬಿಟ್ಟ.

"ಮೇಷ್ಟ್ರು ಮೇಷ್ಟ್ರು ಅನ್ಬೇಡ! ಮೇಷ್ಟ್ರು ತಮ್ಮ ಕಾಲಿಗೆ ಏನು ಮಾಡ್ಕೊಂಡ್ರು ಅಂತ ಹೊರಗೆ ಹೋಗಿ ನೋಡು!"

ಗೂಳಿ ಮಗಳ ಕೈಯಿಂದ ಪಟ್ಟಿಯ ಸುರುಳಿ ತೆಗೆದುಕೊಂಡು, "ಹದಿನೇಳು ಸಲ ಸುತ್ತಿಸ್ಕೊಂಡಿದೀನಿ ಅಕ್ಕಾ. ಒಂದು ಸಲ ಸುತ್ತೋಕೆ ಆಗಲ್ವಾ?" ಎಂದು ಅವಳೆದುರು ಸ್ಟೂಲು ಎಳೆದುಕೊಂಡು ಕೂತ.

ಸುತ್ತಿದ. ಮೂಟೆ ಕಟ್ಟಿ ಕಟ್ಟಿ ಒರಟಾದ ಕೈ, ಆದರೂ ಮೆತ್ತಗೆ ಸುತ್ತಿದ. ಅವಳು ಕಣ್ಣು ಮುಚ್ಚಿ ಕಾಲಿನ ಮಾತು ಕೇಳಿದಳು. ಬಿಗಿ ಸರಿಯಿದೆ. ಅರ್ಧ ಅರ್ಧ ಮುಚ್ಚಿದ್ದೂ ಸರಿಯಿದೆ. ಆದರೆ ಪಾದ ನೋವಿನ ಕಡೆಗೇ ವಾಲುತ್ತಿದೆ.

"ಎಳೆತ ತಿರುಗಾ ಮುರುಗಾ ಆಗಿದೆ" ಎಂದಳು.

ಗೂಳಿ ಬಿಚ್ಚಿದ, ಮತ್ತೆ ಸುತ್ತಿದ, ಮತ್ತೆ ತಿರುಗಾ ಮುರುಗಾ. ತಲೆ ಕೆರೆದುಕೊಂಡ. "ಮೇಷ್ಟ್ರು ಹೀಗೇ ಮಾಡ್ತಿದ್ರು. ನನ್ನ ಕಣ್ಣಾರೆ ನೋಡಿದೀನಿ. ಇಲ್ಲಿಂದ ಶುರು, ಹೀಗೆ..." ಎಂದು ಗಾಳಿಯಲ್ಲಿ ಕೈ ಆಡಿಸುತ್ತಿದ್ದವನು ತಟ್ಟನೆ ನಿಂತ. "ಅಯ್ಯೋ ನನ್ನ ತಲೆ! ನಾನು ನೋಡಿದ್ದು ಬೆಂಚಿನ ಮೇಲೆ ಕೂತ್ಕೊಂಡು ಅಲ್ವಾ? ಸ್ಟೂಲ್ ಕಡೆಯಿಂದ ನಾನು ಯಾವತ್ತು ನೋಡಿದೀನಿ?"

ಅವನು ಎದ್ದು ಮಂಚಕ್ಕೆ ಬಂದು ಅವಳ ಪಕ್ಕದಲ್ಲಿ, ಅವಳು ಮುಖ ಮಾಡಿದ ಕಡೆಗೇ ಮುಖ ಮಾಡಿ ಕೂತ. ಅವಳ ಕಾಲು ತನ್ನದೇ ಕಾಲೋ ಎನ್ನುವಂತೆ ಮುಂದಕ್ಕೆ ಬಗ್ಗಿ ಶುರುಮಾಡಿದ. ಬೆನ್ನು ಬಗ್ಗದ ದಪ್ಪ ಮನುಷ್ಯ ಏದುಸಿರು ಬಿಡುತ್ತಾ ಸುತ್ತುವುದನ್ನು ಕಂಡು ಅತ್ತು ಅತ್ತು ಕೆಂಪಾಗಿದ್ದ ನಾದಿನಿಗೂ ನಗು ತಡೆಯಲಾಗಲಿಲ್ಲ.

"ಇನ್ನೂ ಸ್ವಲ್ಪ ಹೊರಕ್ಕೆ ಎಳಿ" ಎಂದಳು ಮೇಷ್ಟ್ರ ಹೆಂಡತಿ. "ಹಾಂ, ಅಲ್ಲಿ. ಅಲ್ಲಿ ಒತ್ತು. ಈಗ ಹಿಮ್ಮಡಿ ಹಿಂದೆ. ಅಷ್ಟೇ, ಅಷ್ಟೇ."

ಗೂಳಿ ಪಿನ್ನು ಚುಚ್ಚಿದ. ಅವಳ ಕಾಲನ್ನು ಯಾರೋ ಕೈಯಲ್ಲಿ ಹಿಡಿದುಕೊಂಡಂತಿತ್ತು. ಆಗ ಬಂತು ಅಳು, ನಿನ್ನೆಯಿಂದ ಬಾರದಿದ್ದ ಅಳು. ಎಲ್ಲರೂ ನೋವಿಗೆ ಅಳುತ್ತಿದ್ದಾಳೆಂದುಕೊಂಡು ಗೂಳಿಯನ್ನು ಬೈದರು.

*

ಮೆಟ್ಟಿಲನ್ನು ಅವಳು ಕೂತು ಕೂತು ಇಳಿದಳು, ಒಂದೊಂದಾಗಿ ಇಪ್ಪತ್ತೊಂದನ್ನೂ. ಸ್ಟ್ರೆಚರು ಆಗಲೇ ಇಳಿದು ಬೀದಿಯಲ್ಲಿ ಕಾಯುತ್ತಿತ್ತು. ಊರುಗೋಲನ್ನು ಯಾವ ಕೈಯಲ್ಲಿ ಹಿಡಿಯಬೇಕೆಂಬುದಕ್ಕೆ ನೆರೆದವರಲ್ಲಿ ಎರಡು ಪಕ್ಷವಾಗಿ, ಒಳ್ಳೆಯ ಕಾಲಿನ ಕಡೆ ಎಂಬ ಪಕ್ಷ ಗೆದ್ದಿತು. ಇನ್ನೊಂದು ಕಡೆ ಮಗಳ ಭುಜ.

"ನೀವು ನಿಧಾನಕ್ಕೆ ಬನ್ನಿ ಅಕ್ಕಾ, ನಾವು ಮುಂದೆ ಹೋಗಿರ್ತೀವಿ" ಎಂದು ಗೂಳಿ ಹೇಳಿ, ನಾಲ್ವರೂ ಎತ್ತಿದರು. ಅವರ ಕೆಲಸವೇ ಎತ್ತಿದ ಭಾರವನ್ನು ಬೇಗ ಮುಟ್ಟಿಸುವುದು. ದುಃಖದ ದಿನವೆಂದು ಅವರ ಕಾಲು ನಿಧಾನಿಸುವುದನ್ನು ಕಲಿತಿರಲಿಲ್ಲ.

ಬೀದಿಯೆಂಬುದು ಬೀದಿಯಾಗಿ ಉಳಿದಿರಲಿಲ್ಲ. ಒಂದು ಕಡೆ ಆಳೆತ್ತರದ ಕಾಲುವೆ, ಇನ್ನೊಂದು ಕಡೆ ಮಣ್ಣಿನ ಗುಡ್ಡೆ, ನಡುವೆ ಇಬ್ಬರು ಹಿಡಿಯುವಷ್ಟು ದಾರಿ. ಅಲ್ಲಲ್ಲಿ ಸಿಮೆಂಟಿನ ಕೊಳವೆಗಳು ಬಿದ್ದಿದ್ದವು. ಅವಳು ಊರುಗೋಲು ಊರಿದಳು, ಕಾಲು ಊರಿದಳು, ಹಲ್ಲು ಕಚ್ಚಿದಳು. ಹತ್ತು ಹೆಜ್ಜೆ. ಇಪ್ಪತ್ತು. ಜಲ್ಲಿಕಲ್ಲಿನ ಮೇಲೆ ಊರುಗೋಲು ಜಾರಿತು. ಐವತ್ತು. ಪಟ್ಟಿಯೊಳಗೆ ಕಾಲು ದಪ್ಪಗಾಗುತ್ತಿರುವುದು ತಿಳಿಯುತ್ತಿತ್ತು. ಅರವತ್ತಕ್ಕೆ ಇಸ್ತ್ರಿ ಅಂಗಡಿಯ ಬೆಂಚು ಸಿಕ್ಕಿ, ಅದನ್ನು ಹಿಡಿದುಕೊಂಡು ನಿಂತುಬಿಟ್ಟಳು. ಇನ್ನು ಒಂದು ಹೆಜ್ಜೆಯೂ ಆಗದು.

ತಲೆಯೆತ್ತಿ ನೋಡಿದಳು. ಸ್ಟ್ರೆಚರು ತಿರುವಿನ ಹತ್ತಿರ ಹೋಗಿತ್ತು. ಹೊತ್ತವರ ಬೆನ್ನು, ಬಿಳಿ ಹೊದಿಕೆ, ಅದರ ತುದಿಯಲ್ಲಿ ಆಚೀಚೆ ಅಲುಗುವ ಎರಡು ಪಾದ. ನಿನ್ನೆಯೂ ಹೀಗೇ, ಇದೇ ದಾರಿಯಲ್ಲಿ, ಹೊತ್ತವರು ಬೆನ್ನು ತೋರಿಸಿಕೊಂಡು ಹೋಗಿದ್ದರು.

"ಅಮ್ಮ, ಸಾಕು. ಇಲ್ಲೇ ಕೂತ್ಕೊ" ಎಂದಳು ಮಗಳು. "ಇಷ್ಟು ಬಂದೆಯಲ್ಲ. ಅವರು ಹೋಗ್ಲಿ."

ಅವಳ ಬಾಯಲ್ಲೂ ಅದೇ ಮಾತು ಸಿದ್ಧವಾಗಿತ್ತು. ನನ್ನ ಕಾಯಬೇಡಿ, ನೀವು ಹೋಗಿ. ಜನ್ಮವಿಡೀ ಹೇಳಿ ರೂಢಿಯಾದ ಮಾತು. ಊಟ ಮಾಡಿ, ನನ್ನ ಕಾಯಬೇಡಿ. ಬಸ್ಸು ಹೊರಡುತ್ತೆ, ನನ್ನ ಕಾಯಬೇಡಿ. ನಾಲಿಗೆಯ ತುದಿಗೆ ಬಂದದ್ದನ್ನು ಅವಳು ನುಂಗಿದಳು.

"ನಿಲ್ಲೀ!" ಎಂದು ಕಿರುಚಿದಳು. ಇಡೀ ಬೀದಿಗೆ ಕೇಳುವಂತೆ, ಗಂಟಲು ಬಿರಿಯುವಂತೆ. "ನಿಲ್ಲಿಸ್ರೋ! ನನ್ನ ಬಿಟ್ಟು ಹೋಗ್ಬೇಡಿ!"

ನಾಲ್ವರೂ ಒಟ್ಟಿಗೆ ನಿಂತರು. ಗೂಳಿ ತಿರುಗಿ ನೋಡಿದ. ಅವಳನ್ನು ನೋಡಿದ, ಕಾಲು ನೋಡಿದ. ಮುಂದೆ ಹೋದಷ್ಟೂ ದಾರಿಯನ್ನು ಅವರು ಹಿಂದಕ್ಕೆ ಬಂದರು. ಇಸ್ತ್ರಿಯವನು ಬೆಂಚಿನ ಮೇಲಿದ್ದ ಬಟ್ಟೆಗಳನ್ನು ಸರಿಸಿದ. ಸ್ಟ್ರೆಚರನ್ನು ಬೆಂಚಿನ ಮೇಲಿಳಿಸಿದರು. ಅವಳಿಗೊಂದು ಕುರ್ಚಿ ಬಂತು.

"ಕಾಲು ಮೇಲಕ್ಕಿಡ್ಬೇಕು" ಎಂದ ಗೂಳಿ, ಸುತ್ತ ನೋಡುತ್ತಾ. ಇಡಲು ಇನ್ನೇನೂ ಇರಲಿಲ್ಲ. ಅವಳೇ ಕಾಲೆತ್ತಿ ಕ್ಯಾನ್ವಾಸಿನ ಅಂಚಿನಲ್ಲಿ, ಗಂಡನ ಪಾದಗಳ ಪಕ್ಕದಲ್ಲಿಟ್ಟಳು. ಎತ್ತರ ಸಾಲದೆಂದು ಇಸ್ತ್ರಿಯವನು ಮಡಿಸಿದ ಅಂಗಿಗಳ ಒಂದು ಗಂಟನ್ನು ತಂದು ಹಿಮ್ಮಡಿಯ ಕೆಳಗೆ ಕೊಟ್ಟ. ಯಾರದೋ ಅಂಗಿಗಳು, ಇನ್ನೂ ಬೆಚ್ಚಗಿದ್ದವು. ಬಿಸಿ ತಾಗಬಾರದೆಂದು ಗೂಳಿ ಅದನ್ನು ಹಿಂದಿರುಗಿಸಿ ಇನ್ನೊಂದು ತರಿಸಿದ.

ಹತ್ತು ನಿಮಿಷ ಕಳೆದು ಮತ್ತೆ ಎತ್ತಿದರು. ಈಗ ಸ್ಟ್ರೆಚರು ಅವಳ ಹಿಂದೆ. ಅವಳು ನಡೆದಷ್ಟೇ ಅದೂ ನಡೆಯಿತು. ಇಸ್ತ್ರಿಯವನು ಕುರ್ಚಿ ಹೊತ್ತು ಜೊತೆಗೇ ಬಂದ. ಎರಡನೆಯ ಸಲ ಶಾಲೆಯ ಗೇಟಿನ ಕಟ್ಟೆಯ ಮೇಲೆ, ಮೂರನೆಯ ಸಲ ಮರಳಿನ ರಾಶಿಯ ಮೇಲೆ ಇಳಿಸಿದರು. ಇಳಿಸಿದಾಗೆಲ್ಲ ಅವಳ ಕಾಲು ಅವರ ಕಾಲಿನ ಪಕ್ಕಕ್ಕೇರಿತು. ಬಿಸಿಲೇರಿತು. ಹನ್ನೊಂದು ಹೊಡೆದು ಎಷ್ಟೋ ಹೊತ್ತಾಗಿತ್ತು.

ನಾಲ್ಕನೆಯ ಸಲ ಇಳಿಸಿದ್ದು ದೊಡ್ಡ ರಸ್ತೆಗೆ ಇಪ್ಪತ್ತು ಹೆಜ್ಜೆ ಇರುವಾಗ, ಸಿಮೆಂಟಿನ ಕೊಳವೆಗಳ ಮೇಲೆ. ವ್ಯಾನಿನ ಚಾಲಕ ಹಾರನ್ನು ಹೊಡೆದು ಹೊಡೆದು ಸಾಕಾಗಿ ಕೊನೆಗೆ ಇಳಿದೇ ಬಂದ. "ಏನ್ರೀ ಇದು? ವ್ಯಾನು ಕಾಣ್ತಾ ಇಲ್ವಾ? ಇನ್ನು ಇಪ್ಪತ್ತು ಹೆಜ್ಜೆ ಅಲ್ವಾ?" ಎಂದ.

"ಇಪ್ಪತ್ತೇ" ಎಂದ ಗೂಳಿ. "ಅಕ್ಕನ ಕಾಲು ಇಳಿಸೋಕೆ ಇನ್ನೂ ಆರು ನಿಮಿಷ ಇದೆ."

ಚಾಲಕ ಕೊಳವೆಯ ಮೇಲಿನ ಸ್ಟ್ರೆಚರನ್ನು ನೋಡಿದ, ಹೊದಿಕೆಯಾಚೆ ಚಾಚಿದ್ದ ಪಾದಗಳ ಪಕ್ಕದಲ್ಲಿ ಪಟ್ಟಿ ಸುತ್ತಿದ ಇನ್ನೊಂದು ಪಾದವನ್ನು ನೋಡಿದ, ಕಣ್ಣು ಮುಚ್ಚಿ ಹಿಂದಕ್ಕೊರಗಿದ್ದ ಮೇಷ್ಟ್ರ ಹೆಂಡತಿಯನ್ನು ನೋಡಿದ. ಹಮಾಲರು ನಾಲ್ವರೂ ಮಣ್ಣಿನ ಗುಡ್ಡೆಯ ಮೇಲೆ ಸಾಲಾಗಿ ಕೂತು, ಷೂ ಬಿಚ್ಚಿ, ಅವಸರವಿಲ್ಲದೆ ಒಳಗಿನ ಕಲ್ಲು ಕೊಡವುತ್ತಿದ್ದರು.